ಬೆನ್ನಿಗೆ ಬಂದ ಶಾಲು

ಮಿಥುನ ಪುಣೆಯ ಮಾರ್ಕೆಟ್ ಯಾರ್ಡಿಗೆ ಮೊದಲ ಸಲ ಹೋದಾಗ ಒಬ್ಬ ಗಟ್ಟಿಮುಟ್ಟಾದ ಮನುಷ್ಯನ ಪ್ರಾಣ ಉಳಿಸಲು ಹೊರಟಿದ್ದ. ಲಾರಿಯ ಹಿಂಬದಿಯಲ್ಲಿ ನಡುವಯಸ್ಸಿನವನೊಬ್ಬ ಮೊಣಕಾಲಿಗೆ ಕೈಕೊಟ್ಟು, ಬೆನ್ನು ಬಾಗಿಸಿ, ಕಣ್ಣು ಮುಚ್ಚಿ ನಿಂತಿದ್ದ. ಎದೆನೋವೇ ಸರಿ ಎಂದು ಮಿಥುನ ಓಡಿದ. ಕಂಪನಿಯವರು ಕೊಡಿಸಿದ ಪ್ರಥಮ ಚಿಕಿತ್ಸೆಯ ತರಬೇತಿಯನ್ನು ಬಳಸಲು ಅವನಿಗೆ ಅಲ್ಲಿಯವರೆಗೆ ಒಂದು ಹೃದಯವೂ ಸಿಕ್ಕಿರಲಿಲ್ಲ. ಭುಜ ಹಿಡಿದು, ಬಾಯಿಗೆ ನೀರಿನ ಬಾಟಲಿ ಒಡ್ಡಿ, ಮುರುಕು ಹಿಂದಿಯಲ್ಲಿ ಮಲಗಿಕೊಳ್ಳಿ ಎಂದು ಬೇಡಿಕೊಳ್ಳತೊಡಗಿದ.

“ಫಕೀರಪ್ಪಾ, ಯಾರೋ ಇಂವ? ಚೀಲ ಇವನ ತಲಿ ಮ್ಯಾಲ ಒಗೀಲೇನು?”

ಲಾರಿಯ ಮೇಲೆ ಉಳ್ಳಾಗಡ್ಡಿ ಚೀಲ ಎತ್ತಿ ಹಿಡಿದು ಸಿದ್ದಾರೂಢ ನಿಂತಿದ್ದ. ಕೆಳಗಿದ್ದವನು ಹಮಾಲ ಫಕೀರಪ್ಪ. ಬೆನ್ನಿಗೆ ಚೀಲ ಬರುವುದನ್ನು ಕಾಯುತ್ತಿದ್ದ, ಅಷ್ಟೆ. ಮಿಥುನ ಕನ್ನಡದಲ್ಲೇ ಕ್ಷಮೆ ಕೇಳಿದಾಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಫಕೀರಪ್ಪ ಚಹಾ ಕುಡಿಸಿದ. “ನನ್ನ ಹೇಣ್ತಿನೂ ಇಷ್ಟು ಕಾಳಜಿ ಮಾಡಿಲ್ಲ ತಮ್ಮಾ.”

ಹಮಾಲರಿಬ್ಬರೂ ಇಂಡಿ ತಾಲೂಕಿನವರು. ಹರೆಯದಿಂದಲೂ ಜೋಡಿ: ಒಬ್ಬ ಎತ್ತಿಕೊಡುವವ, ಒಬ್ಬ ಹೊರುವವ. ಆ ಪರಿಚಯವಾದ ಮರುವರ್ಷ ಸಿದ್ದಾರೂಢ ಜ್ವರ ಬಂದು ತೀರಿಕೊಂಡ. ಆಮೇಲೆ ಫಕೀರಪ್ಪ ಬರೆಯತೊಡಗಿದ, ದಲ್ಲಾಳಿ ಅಂಗಡಿಯ ಹಳೆಯ ಕ್ಯಾಲೆಂಡರ್ ಹಾಳೆಗಳ ಬೆನ್ನ ಮೇಲೆ. ಭಾನುವಾರಗಳಲ್ಲಿ ಮಿಥುನ ಅದನ್ನು ಟೈಪ್ ಮಾಡಿಕೊಟ್ಟ. ಅವನೂ ಸಾಹಿತಿಯೇ, ಮೂರು ಕವಿತೆಗಳಿದ್ದವು, ಮೂರನ್ನೂ ಯಾರೂ ಓದಿರಲಿಲ್ಲ. ಹಮಾಲನ ಕಾದಂಬರಿಗೆ ಆ ವರ್ಷದ ದೊಡ್ಡ ಪ್ರಶಸ್ತಿ ಬಂತು.

ಪುಣೆಯ ಕನ್ನಡಿಗರು ಸನ್ಮಾನ ಇಟ್ಟುಕೊಂಡರು. ಕೃತಜ್ಞತೆಯ ಭಾಷಣ ಬರೆದುಕೊಟ್ಟವನು ಮಿಥುನ. ಮೊದಲು ಮನೆದೇವರು, ಆಮೇಲೆ ಪ್ರಕಾಶಕರು, ಮೂರನೆಯದಾಗಿ, ಸಂಕೋಚಪಡುತ್ತಲೇ, ತನ್ನದೇ ಹೆಸರು. ಆ ಹೆಸರು ಕೇಳಲೆಂದೇ ಮೈಸೂರಿನಲ್ಲಿ ಅವನ ತಾಯಿ ಕಮಲಮ್ಮ ನೆಂಟರನ್ನೆಲ್ಲ ಕೂರಿಸಿಕೊಂಡು ಮೊಬೈಲಿನಲ್ಲಿ ನೇರಪ್ರಸಾರ ನೋಡುತ್ತಿದ್ದರು. ಮಗ ರಜೆಯ ದಿನಗಳನ್ನು ಹಾಳು ಮಾಡಿಕೊಂಡಿಲ್ಲ ಎಂಬುದಕ್ಕೆ ಅವರಿಗೂ ಒಂದು ಪುರಾವೆ ಬೇಕಿತ್ತು. ಅವರಿಗಿಂತ ಹೆಚ್ಚಾಗಿ ಅವನಿಗೇ ಬೇಕಿತ್ತು.

ಅತಿಥಿಗಳು ಶಾಲು ಬಿಡಿಸಿಕೊಂಡು ಹತ್ತಿರ ಬಂದರು. ಫಕೀರಪ್ಪ ತಟ್ಟನೆ ಅವರಿಗೆ ಬೆನ್ನು ತಿರುಗಿಸಿ, ಮೊಣಕಾಲಿಗೆ ಕೈಕೊಟ್ಟು ಬಾಗಿದ.

ಸಭೆ ಗೊಳ್ಳೆಂದಿತು. “ಮಾರಿ ಈ ಕಡೆ ಮಾಡ್ರಿ, ಫೋಟೋಕ್ಕ!” ಎಂದು ಯಾರೋ ಕೂಗಿದರು. ಮಿಥುನನೂ ನಕ್ಕ, ಆದರೆ ಬಾಗಿದವನ ಕಣ್ಣು ಮುಚ್ಚಿರುವುದನ್ನು ಕಂಡು ನಗು ನಿಲ್ಲಿಸಿದ. ಫಕೀರಪ್ಪ ನಿಧಾನ ನೆಟ್ಟಗಾಗಿ ಹಿಂದೆ ನೋಡಿದ. ಶಾಲು ಹಿಡಿದ ಅತಿಥಿಗಳಿದ್ದರು. ಅವನು ಬೇರೆ ಯಾರನ್ನೋ ಹುಡುಕಿದಂತಿತ್ತು.

ಮೈಕಿನ ಮುಂದೆ ನಿಂತಾಗ ಮಿಥುನ ಬರೆದ ಹಾಳೆ ಜೇಬಿನಲ್ಲೇ ಉಳಿಯಿತು.

“ತಪ್ಪು ತಿಳೀಬ್ಯಾಡ್ರಿ. ಬೆನ್ನಿಗೆ ಏನರ ಬರ್ತದಂದ್ರ ನನಗ ಬಾಗೂದೊಂದೇ ಗೊತ್ತದ. ಸಿದ್ದಾರೂಢ ಚೀಲ ಇಡೂಕಿಂತ ಮೊದಲ ಬೆನ್ನಿಗೆ ಅಂಗೈ ತಾಗಸ್ತಿದ್ದ. ಆ ಹೊತ್ತಿನ್ಯಾಗ ಅವನ ಮಾರಿ ಒಂದಿನಾನೂ ನೋಡಿಲ್ರಿ. ನೋಡಾಕ ಆಗಂಗಿಲ್ಲ. ಅವನ್ನ ಮಣ್ಣು ಮಾಡಿ ಬಂದ ಮರುದಿನ ಬ್ಯಾರೆಯಂವ ನಿಂತ. ಅಂಗೈ ತಾಗಲಿಲ್ಲ, ಒಮ್ಮಿಗೇ ಚೀಲ ಬಿತ್ತು. ಅಂವ ಸತ್ತದ್ದು ನನಗ ಆವಾಗ ಖರೇ ಅನಿಸ್ತು. ಬರಿಯಾಕ ಹತ್ತಿದ್ದು ಅವತ್ತಿಂದ.” ಹೆಗಲ ಮೇಲಿನ ಶಾಲು ಸರಿಮಾಡಿಕೊಂಡ. “ಸಿದ್ದಾರೂಢಾ, ಭಾಳ ಉಪಕಾರ ಆತೋ.”

ಅಷ್ಟು ಹೇಳಿ ಹೋಗಿ ಕುಳಿತ. ಮಿಥುನನ ಮೊಬೈಲು ಮಿಣುಕಿತು, ಅಮ್ಮನ ಸಂದೇಶ: “ನಿನ್ನ ಹೆಸರು ಯಾವಾಗ ಬರುತ್ತೋ?”

ಹೊರಗೆ, ಸಭಾಂಗಣದ ಎದುರಿನ ಚಹಾದ ಗಾಡಿಯ ಬಳಿ, ಫಕೀರಪ್ಪ ಶಾಲನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ನಿಂತಿದ್ದ. ಕೇಳಬಾರದೆಂದು ಬಾಗಿಲವರೆಗೆ ಗಟ್ಟಿಯಾಗಿದ್ದ ಮಿಥುನ ಅಲ್ಲಿ ಸೋತ.

“ಕಾಕಾ, ನನ್ನ ಹೆಸರು ಹೇಳ್ಲೇ ಇಲ್ವಲ್ಲ?”

ಫಕೀರಪ್ಪ ಗಾಡಿಯವನಿಂದ ಎರಡು ಗ್ಲಾಸು ತೆಗೆದುಕೊಂಡು ಒಂದನ್ನು ಅವನ ಕೈಗಿಟ್ಟ.

“ನೀ ಜೀವಂತ ಅದೀಯಲ್ಲೋ, ನಿನಗ ಚಹಾ ಕುಡಸ್ತೀನಿ. ಸತ್ತಾಂವಗ ಏನ್ ಕುಡಸ್ಲಿ?”