ಗುತ್ತಲದ ಮದುವೆ ಗಡಿಗೆ

1991 ಮಾರ್ಚ್ 12, ಮಂಗಳವಾರ, ಬೆಳಿಗ್ಗೆ 10.20. ಹಾವೇರಿಯಿಂದ ಬಂದು ಗುತ್ತಲದಲ್ಲಿ ಬಸ್ಸಿಳಿದವನು ನೇರವಾಗಿ ಸಹಪಾಠಿ ಕಸ್ತೂರಿಯ ಮನೆಗೆ ಹೋದೆ. ಮೈಸುತ್ತ ಮದುವೆ ಮೆರವಣಿಗೆಯ ಉಬ್ಬುಗೊಂಬೆಗಳಿರುವ ಹಳೆಯ ಮಣ್ಣಿನ ಗಡಿಗೆಯೊಂದು ತಾನು ಆಯಿ ಎಂದು ಕರೆಯುವ ಅಜ್ಜಿಯ ಬಳಿ ಇದೆ ಎಂದು ಅವಳು ಹೇಳಿದ್ದಳು. ಹೋಲಿಸಿ ನೋಡಲು, ತುರ್ಕಿಯಲ್ಲಿ ಸಿಕ್ಕ, ಹಿಟ್ಟೈಟರೆಂಬ ಪ್ರಾಚೀನ ಜನರ ಪೂಜಾಪಾತ್ರೆಯ ಚಿತ್ರ ತಂದಿದ್ದೆ. ಅದರ ಮೈಮೇಲೂ ಅಂಥದೇ ಮೆರವಣಿಗೆ.

ಅಜ್ಜಿ ಶುಕ್ರವಾರ ತೀರಿಕೊಂಡಿದ್ದರು. ಸಾವಾದ ಮನೆಯಲ್ಲಿ ಮಣ್ಣಿನ ಪಾತ್ರೆ ಉಳಿಸಬಾರದೆಂದು ಮನೆಯವರು ಆ ಗಡಿಗೆಯನ್ನೂ ಸೇರಿಸಿ ಎಲ್ಲವನ್ನೂ ಹಿತ್ತಲಲ್ಲಿ ಒಡೆದು ಹಾಕಿದ್ದರು. ಕಸ್ತೂರಿ ಒಂದು ಚೂರು ತಂದು ತೋರಿಸಿದಳು. ಅದರಲ್ಲಿ ಉಳಿದದ್ದು ಡೊಳ್ಳು ಬಾರಿಸುವವನ ಎರಡು ಕೈಗಳು ಮಾತ್ರ.

"ನಿನ್ನ ಮದುವ್ಯಾಗ ಕೊಡ್ತೇನಿ ಅಂತ ನನಗ ಹೇಳಿದ್ಳು ಆಯಿ. ಅದೊಂದರ ಬಿಡು ಕಾಕಾ ಅಂತ ಕಾಲು ಹಿಡದೆ. ಕೇಳಲಿಲ್ಲ."

ಅವಳ ಕಾಕಾ ಅಲ್ಲೇ ಕಟ್ಟೆಯ ಮೇಲೆ ಕುಳಿತಿದ್ದರು. ನನ್ನ ಕೈಯಲ್ಲಿದ್ದ ಚಿತ್ರ ತೆಗೆದುಕೊಂಡು ನೋಡಿದರು. ಈ ಪಾತ್ರೆ ಮೂರು ಸಾವಿರ ವರ್ಷಕ್ಕೂ ಹಳೆಯದು ಎಂದೆ.

"ಹೌದಾ? ಅಷ್ಟು ವರ್ಷದಾಗ ಅವರ ಮನ್ಯಾಗ ಯಾರೂ ಸತ್ತೇ ಇಲ್ಲೇನು ತಮ್ಮಾ?" ಎಂದು ಚಿತ್ರವನ್ನು ವಾಪಸ್ಸು ಕೊಟ್ಟರು.

ಇಂಥ ಗಡಿಗೆ ಇನ್ನೂ ಯಾರ ಮನೆಯಲ್ಲಾದರೂ ಇದ್ದರೆ, ಅದನ್ನು ಕಾಯುತ್ತಿರುವ ಹಿರಿಯರು ಇರುವಾಗಲೇ ದಯವಿಟ್ಟು ನನಗೊಂದು ಕಾರ್ಡು ಬರೆಯಿರಿ.