ಕುತ್ತಿಗೆ ಇಲ್ಲದ ಹಕ್ಕಿ

ಅಕ್ಕೋರ ಬಲಗೈ ಹೆಬ್ಬೆರಳಿನ ಉಗುರು ಸದಾ ಕಪ್ಪು. ಸೀಮೆಎಣ್ಣೆ ಹಚ್ಚಿ ತಿಕ್ಕಿದರೂ ಅಚ್ಚಿನ ಶಾಯಿ ಹೋಗುತ್ತಿರಲಿಲ್ಲ. ಬೆಟಗೇರಿಯ ನಮ್ಮ ಶಾಲೆಯಲ್ಲಿ ಅವರು ಚಿತ್ರಕಲೆ ಕಲಿಸುತ್ತಿದ್ದರು. ಮುಂದೆ ನಾನೂ ಡ್ರಾಯಿಂಗ್ ಟೀಚರಾದೆ. ಆದರೂ ರವಿವಾರ ಬಂತೆಂದರೆ ಅವರ ಮನೆಯಲ್ಲೇ ಠಿಕಾಣಿ.

ಮೊದಲೆಲ್ಲ ಅವರದು ಪೆನ್ಸಿಲ್ಲೇ. ನೇಕಾರರ ಓಣಿಯಲ್ಲಿ ಕೂತು ಮಗ್ಗದ ಮೇಲಿನ ಕೈಗಳನ್ನು ಬರೆಯುತ್ತಿದ್ದರು. ನಿವೃತ್ತಿಯ ಹೊತ್ತಿಗೆ ಅವರದೇ ಕೈ ನಡುಗತೊಡಗಿತು. ಪೆನ್ಸಿಲ್ ಬಿಟ್ಟು, ಕಟ್ಟಿಗೆ ಕೆತ್ತಿ ಅಚ್ಚು ತೆಗೆಯಲು ಹಿಡಿದರು. "ಕಟಗಿ ಕೈಯನ್ನ ಬಿಗಿ ಹಿಡಿತೈತಿ, ನಡುಕ ಕಾಣೂದಿಲ್ಲ. ಡ್ರಾಯಿಂಗ್ ಅಕ್ಕೋರ ಕೈ ನಡಗತಾವು ಅಂದ್ರ ಮಂದಿ ನಗ್ತಾರ. ಯಾರ ಮುಂದೂ ಬಾಯಿ ಬಿಡಬ್ಯಾಡ," ಅಂದಿದ್ದರು.

ಅವರ ಪದ್ಧತಿ ಬಲು ಕಠಿಣ. ಮೂರು ಬಣ್ಣಕ್ಕೆ ಒಂದೇ ಹಲಗೆ. ಹಳದಿ ಒತ್ತಿ, ಹಳದಿ ಉಳಿಯಬೇಕಾದ ಜಾಗವನ್ನು ಕೆತ್ತಿ ತೆಗೆಯಬೇಕು. ಕೆತ್ತಿದ ಜಾಗ ಮುಂದಿನ ಬಣ್ಣ ಹಿಡಿಯುವುದಿಲ್ಲ. ಅವೇ ಹಾಳೆಗಳ ಮೇಲೆ ಕೆಂಪು. ಮತ್ತೆ ಕೆತ್ತಿ ಕಪ್ಪು. ಕೆತ್ತಿದ್ದು ಹೋಯಿತು, ತಿರುಗಿ ಬರುವುದಿಲ್ಲ. "ಪೆನ್ಸಿಲ್ ತಪ್ಪಿಗೆ ರಬ್ಬರ್ ಐತಿ, ಕಟಗಿ ತಪ್ಪಿಗೆ ದೇವ್ರೂ ಇಲ್ಲ," ಎನ್ನುತ್ತಿದ್ದರು.

ಧಾರವಾಡದ ಪ್ರದರ್ಶನಕ್ಕೆಂದು ನಮ್ಮ ಸೀಮೆಯ ಮಾಗಡಿ ಕೆರೆಯ ಹೆಬ್ಬಾತುಗಳನ್ನು ಕೆತ್ತಿದರು. ಎರಡು ಬಣ್ಣ ಮುಗಿದಿತ್ತು. ಐದೇ ದಿನ ಉಳಿದಿತ್ತು. ಕೊನೆಯ ಕೆತ್ತನೆಗೆ ಉಳಿಯನ್ನು ನನಗೆ ಕೊಟ್ಟರು. "ನನ್ನ ಕೈ ಇವತ್ತ ಮಾತ ಕೇಳವಲ್ದು."

ಹಲಗೆಯ ಮೇಲೆ ಚಿತ್ರ ಎಡಬಲ ತಿರುಗಿರುತ್ತದೆ. ಹೆದರಿ ಹೆದರಿಯೇ ಕೆತ್ತಿದೆ. ಹೆದರಿದವಳ ಕೈಯೇ ಅಲ್ಲವೇ ತಪ್ಪುವುದು! ಸಂಜೆಯ ಕೆಂಪು ನೀರೆಂದುಕೊಂಡು ಮುಂದಿನ ಹಕ್ಕಿಯ ಕುತ್ತಿಗೆಯನ್ನೇ ತೆಗೆದುಬಿಟ್ಟೆ. ಕಪ್ಪು ಒತ್ತಿ ಹಾಳೆ ಎತ್ತಿದರೆ ತಲೆ ಒಂದು ಕಡೆ, ಮೈ ಒಂದು ಕಡೆ.

"ಅಕ್ಕೋರ, ನಾ ಕೆಡಿಸಿಬಿಟ್ಟೆರಿ."

ಅಕ್ಕೋರು ಹಾಳೆಯನ್ನು ಬೆಳಕಿಗೆ ಹಿಡಿದರು. "ಆಮ್ಯಾಲ ಅಳುವಂತಿ. ಮೊದಲ ಬ್ರಷ್ ತಾ."

ಅವರು ಗೆರೆ ಬರೆಯದೆ ನಾಲ್ಕು ವರ್ಷವಾಗಿತ್ತು. ಎಲ್ಲ ಹಾಳೆಗೂ ಕಪ್ಪು ಒತ್ತಿ, ಒಂದೊಂದಕ್ಕೂ ಕೈಯಾರೆ ಕುತ್ತಿಗೆ ಬರೆದರು. ಎಲ್ಲವೂ ನಡುಗಿದ್ದವು, ಒಂದರಂತೆ ಒಂದಿರಲಿಲ್ಲ. ಐದು ದಿನ ನನಗೆ ಊಟ ಸೇರಲಿಲ್ಲ.

ಪ್ರದರ್ಶನದಲ್ಲಿ ಹಿರಿಯ ಕಲಾವಿದರೊಬ್ಬರು ಹತ್ತಿರ ಬಾಗಿ ನೋಡಿದರು. "ಈ ಗೆರಿ ಯಾಕ್ರಿ ಹಿಂಗ?"

ಅಕ್ಕೋರು ನನ್ನ ಕಡೆ ತಿರುಗಲೂ ಇಲ್ಲ. "ನನ್ನ ಕೈ ನಡಗತಾವ್ರಿ. ಕೆತ್ತೂವಾಗ ತಪ್ಪಿತು, ಬ್ರಷ್‌ನಿಂದ ತಿದ್ದೀನಿ," ಎಂದರು.

ಆಮೇಲೆ ಅವರು ಉಳಿ ಮುಟ್ಟಲಿಲ್ಲ. ಆ ನಡುಗುವ ಗೆರೆಯಲ್ಲೇ ಕಡೆಯತನಕ ಬರೆದರು. ಹೋದ ವರ್ಷ ತೀರಿಕೊಂಡರು. ಅಷ್ಟು ವರ್ಷ ಮುಚ್ಚಿಟ್ಟಿದ್ದ ನಡುಕವನ್ನು ಅಂದು ನನ್ನನ್ನು ಉಳಿಸಲು ಮಂದಿಯ ಮುಂದೆ ಹೇಳಿಬಿಟ್ಟರು. ಪಕ್ಕದಲ್ಲೇ ನಿಂತಿದ್ದ ನಾನು ತುಟಿ ಪಿಟಕ್ಕೆನ್ನಲಿಲ್ಲ. ಈಗ ಬರೆಯುತ್ತಿದ್ದೇನೆ: ಆ ಕುತ್ತಿಗೆಯನ್ನು ಕೆತ್ತಿ ತೆಗೆದವಳು ನಾನು.