ಟೇಪಿನ ಆ ತುದಿಯಲ್ಲಿ ಮೇಡಂ

ಸೀರೆಯನ್ನು ಹಿಮ್ಮಡಿಗಿಂತ ಒಂದು ಗೇಣು ಮೇಲಕ್ಕೆ ಉಟ್ಟು, ಕಾಲಿಗೆ ಗಂಡಸರ ಕ್ಯಾನ್ವಾಸ್ ಶೂ ಹಾಕಿಕೊಂಡು, ನಮ್ಮ ಎಸ್ಟಿಮೇಟ್ ಮೇಡಂ ಬೆಳಿಗ್ಗೆ ಭದ್ರಾವತಿಯ ಬಸ್‌ಸ್ಟ್ಯಾಂಡಿನ ಕಡೆ ನಡೆದರೆ ಜನ ತಿರುಗಿ ನೋಡುತ್ತಿದ್ದರು. ಸಿಮೆಂಟು ಅಂಟಿ ಅಂಟಿ ಆ ಶೂಗಳ ನಿಜವಾದ ಬಣ್ಣ ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ಮಕ್ಕಳೇ, ನೀವು ಅವರನ್ನು ನೋಡಿಲ್ಲ. ನಿಮ್ಮ ಅಮ್ಮ ಚಿಕ್ಕವಳಿದ್ದಾಗ ಆ ಶೂಗಳೊಳಗೆ ಕಾಲಿಟ್ಟು ಅಂಗಳವೆಲ್ಲ ಓಡಾಡಿದ್ದಾಳೆ.

ಅವರು ನಮ್ಮ ಪಕ್ಕದ ಮನೆಯವರು. ಡಿಪ್ಲೊಮಾ ಓದಿದ್ದರು, ಮದುವೆಯಾಗಿರಲಿಲ್ಲ. ಮನೆ ಕಟ್ಟುವವರಿಗೆ ಇಟ್ಟಿಗೆ ಎಷ್ಟು, ಸಿಮೆಂಟು ಎಷ್ಟು, ಒಟ್ಟು ಖರ್ಚು ಎಷ್ಟು ಎಂದು ಮೊದಲೇ ಲೆಕ್ಕ ಹಾಕಿಕೊಡುವುದು, ಕಟ್ಟಿದ ಮೇಲೆ ಆದ ಕೆಲಸವನ್ನು ಅಳೆದು ಹೇಳುವುದು ಅವರ ಕಸುಬು. ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಹೊರಗೆ ಬರುವುದನ್ನೇ ಬಿಟ್ಟಿದ್ದೆ. ಮನೆಯಲ್ಲಿ ಅಕ್ಕಿ ಮುಗಿಯುತ್ತಿತ್ತು, ಕೇಳಲು ಬಾಯಿ ಬರುತ್ತಿರಲಿಲ್ಲ. ಒಂದು ದಿನ ಅವರೇ ಬಾಗಿಲಲ್ಲಿ ನಿಂತರು.

"ಟೇಪಿನ ಇನ್ನೊಂದು ತುದಿ ಹಿಡಿಯೋಕೆ ಒಬ್ಬರು ಬೇಕು ಕಣೇ. ಮಾತಾಡೋ ಕೆಲಸ ಏನಿಲ್ಲ. ಬರ್ತೀಯಾ?"

ಮಾತಾಡುವ ಕೆಲಸವಿಲ್ಲ ಎಂದದ್ದಕ್ಕೇ ನಾನು ಹೋದೆ.

ಅದು ಪೂರ್ತಿ ನಿಜವಾಗಿರಲಿಲ್ಲ. ನಾನು ಟೇಪಿನ ಸೊನ್ನೆಯ ತುದಿಯನ್ನು ಗೋಡೆಯ ಮೂಲೆಗೆ ಒತ್ತಿ ಹಿಡಿಯಬೇಕು. ಅವರು ಆ ಕೊನೆಯಲ್ಲಿ ನಿಂತು ಅಳತೆ ಓದಿ ಕೂಗುತ್ತಿದ್ದರು. ಅದನ್ನು ನಾನು ತಿರುಗಿ ಹೇಳಿದ ಮೇಲೆಯೇ ಬರೆದುಕೊಳ್ಳುವುದು ಅವರ ಪದ್ಧತಿ. ನಾನು ಹೇಳಿದ್ದು ನನಗೇ ಕೇಳಿಸುತ್ತಿರಲಿಲ್ಲ. ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರೇನೋ.

ಬಾಗಿಲು, ಕಿಟಕಿಗಳ ಜಾಗವನ್ನು ಗೋಡೆಯ ಲೆಕ್ಕದಿಂದ ಕಳೆಯುವಾಗ, "ಇಲ್ಲದ್ದನ್ನ ಇದೆ ಅಂತ ಬರೀಬಾರದು" ಎಂದು ಪ್ರತಿ ಸಲವೂ ಹೇಳುವರು. ದೇವಸ್ಥಾನಕ್ಕೆ ಹೋದರೂ ಪ್ರದಕ್ಷಿಣೆಯ ಹೆಜ್ಜೆಯಲ್ಲೇ ಗರ್ಭಗುಡಿಯ ಅಗಲ ಹಿಡಿದುಬಿಡುತ್ತಿದ್ದರು. "ಕೈ ಮುಗಿದ್ರಾ ಮೇಡಂ?" ಎಂದು ಕೇಳಿದರೆ, "ಅಯ್ಯೋ, ಮರೆತೇಬಿಟ್ಟೆ" ಎಂದು ಇನ್ನೊಂದು ಸುತ್ತು ಹೊರಡುವರು.

ಹೀಗೆ ಕೆಲವು ವರ್ಷ ಕಳೆದವು. ಒಮ್ಮೆ ಭದ್ರಾವತಿಯಲ್ಲೇ ಒಂದು ಮನೆಯ ನಡುಕೋಣೆ ಅಳೆಯುತ್ತಿದ್ದೆವು. ಮೇಡಂ "ಹದಿನೆಂಟಡಿ" ಎಂದು ಕೂಗಿದರು. ಆ ಕೋಣೆ ಅಷ್ಟು ಉದ್ದವಿರಲಿಲ್ಲ. ನಾನು ತಿರುಗಿ ಹೇಳಲಿಲ್ಲ.

"ಯಾಕೆ, ಕೇಳಿಸ್ಲಿಲ್ವಾ?"

ಟೇಪನ್ನು ಮೂಲೆಯಲ್ಲಿ ಇಟ್ಟಿಗೆಯ ಕೆಳಗೆ ಸಿಕ್ಕಿಸಿ ಅವರ ಹತ್ತಿರ ಹೋಗಿ ಅಂಕಿ ನೋಡಿದೆ. "ಮೇಡಂ, ಹದಿಮೂರು" ಎಂದು ಕಿವಿಯ ಬಳಿ ಹೇಳಿದೆ. ಸವೆದ ಟೇಪಿನ ಮೇಲೆ ಮೂರಕ್ಕೂ ಎಂಟಕ್ಕೂ ಹೆಚ್ಚು ವ್ಯತ್ಯಾಸವಿರುವುದಿಲ್ಲ. ಅವರು ಅದನ್ನು ಕಣ್ಣಿನ ತೀರ ಹತ್ತಿರಕ್ಕೆ ಹಿಡಿದು ಬಹಳ ಹೊತ್ತು ನೋಡಿದರು.

ಮನೆಗೆ ಬರುವ ದಾರಿಯಲ್ಲಿ ಹೇಳಿದರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಶಿವಮೊಗ್ಗದ ಡಾಕ್ಟರು ಇನ್ನು ಇದು ಸರಿಹೋಗುವುದಿಲ್ಲ ಎಂದಿದ್ದರಂತೆ.

"ಕಣ್ಣು ಕಾಣಲ್ಲ ಅಂತ ಗೊತ್ತಾದ್ರೆ ಯಾರು ಕರೀತಾರೆ ಮಾರಾಯ್ತಿ? ನನಗೂ ಕೆಲಸ ಇಲ್ಲ, ನಿನಗೂ ಇಲ್ಲ. ನಾಳೆಯಿಂದ ನಾನು ಸೊನ್ನೆ ಹಿಡೀತೀನಿ. ನೀನು ಓದಿ ಕೂಗು."

"ಗಂಡಸರ ಮುಂದೆ ಕೂಗೋದಾ? ನನ್ನ ಕೈಲಾಗಲ್ಲ ಮೇಡಂ."

"ಮೊನ್ನೆ ಹಸು ಬಂದು ನಿನ್ನ ದಾಸವಾಳಕ್ಕೆ ಬಾಯಿ ಹಾಕ್ತಲ್ಲ, ಆಗ ಕೂಗಿದ್ದು ಬೀದಿಗೆಲ್ಲ ಕೇಳಿಸ್ತು. ಆ ಬಾಯಿ ತಗೊಂಡು ಬಾ, ಸಾಕು."

ಮರುದಿನ ನಾವು ತುದಿ ಬದಲಿಸಿದ್ದನ್ನು ಮೇಸ್ತ್ರಿ ಕೂಡಲೇ ಕಂಡುಹಿಡಿದ. "ಏನ್ ಮೇಡಂ, ಅಮ್ಮಾವರಿಗೆ ಪ್ರಮೋಷನ್ನಾ?" ಎಂದ. "ಹೌದಪ್ಪ, ಪಾರ್ಟಿ ನೀನು ಕೊಡು" ಎಂದರು ಮೇಡಂ. ನಾನು ಓದಿದೆ, ಆ ತುದಿಗೆ ಕೇಳಿಸಲಿಲ್ಲ. "ಗೋಡೆಗೆ ಹೇಳ್ತಿದ್ದೀಯೋ, ನನಗೆ ಹೇಳ್ತಿದ್ದೀಯೋ?" ಎಂದು ಅಲ್ಲಿಂದ ಕೇಳಿದರು. ಎಲ್ಲರೂ ನಕ್ಕರು. ನಾನು ಮರಳಿನ ರಾಶಿಯ ಹಿಂದೆ ಹೋಗಿ ಅತ್ತೆ. ಸ್ವಲ್ಪ ಹೊತ್ತಿಗೆ ನೀರಿನ ಬಾಟಲಿ ಹಿಡಿದುಕೊಂಡು ಬಂದರು. ಸಮಾಧಾನದ ಮಾತು ಒಂದೂ ಆಡಲಿಲ್ಲ. "ಅತ್ತಿದ್ದು ಆಯ್ತಾ? ಅಡುಗೆಮನೆ ಬಾಕಿ ಇದೆ, ಬಾ" ಎಂದರು. ಅಂದು ಅಡುಗೆಮನೆಯ ಅಳತೆಯನ್ನು ಅಳುಬುರುಕ ದನಿಯಲ್ಲೇ ಕೂಗಿದೆ. ಅವರು ಪ್ರತಿಯೊಂದನ್ನೂ ತಿರುಗಿ ಹೇಳಿದರು.

ಆದರೆ ಮುಚ್ಚಿಟ್ಟುಕೊಂಡು ನಡೆಯುವುದು ಅವರಿಗೆ ಒಗ್ಗಲಿಲ್ಲ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬಟ್ಟೆ ವ್ಯಾಪಾರಿಯೊಬ್ಬರು ಹೊಸ ಅಂಗಡಿ ಕಟ್ಟಿಸುತ್ತಿದ್ದರು. ದೊಡ್ಡ ಕೆಲಸ. ಟೇಪು ಬಿಚ್ಚುವ ಮೊದಲೇ ಮೇಡಂ ಅವರ ಮುಂದೆ ನಿಂತರು. "ಸಾಹುಕಾರರೇ, ನನ್ನ ಕಣ್ಣು ಮಂಜಾಗಿದೆ. ಅಳತೆ ಓದೋದು ಇವಳು, ಲೆಕ್ಕ ನಂದು. ಬೇಡ ಅನ್ನೋದಾದ್ರೆ ಈಗಲೇ ಹೇಳಿಬಿಡಿ."

ಸಾಹುಕಾರರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇವರಿಗೆ ಓದೋಕೆ ಬರುತ್ತಾ?" ಎಂದು ಮೇಡಂ ಅವರನ್ನೇ ಕೇಳಿದರು.

ಮೇಡಂ ನನ್ನ ಕಡೆ ತಿರುಗಿದರು. ಅವರ ಬೆರಳುಗಳು ಚೀಲದ ಹಿಡಿಯನ್ನು ತಿರುಚುತ್ತಿದ್ದವು. ಅಷ್ಟು ಧೈರ್ಯದ ಹೆಂಗಸಿಗೂ ಹೆದರಿಕೆ ಆಗುತ್ತದೆಂದು ನಾನು ಕಂಡದ್ದು ಆಗಲೇ.

"ಬರುತ್ತೆ ಸಾರ್" ಎಂದೆ. "ಹಳ್ಳಿ ಶಾಲೆ, ಏಳನೇ ಕ್ಲಾಸು. ಟೇಪು ಓದೋಕೆ ಬರುತ್ತೆ."

ಖಾಲಿ ಕಟ್ಟಡದಲ್ಲಿ ನನ್ನ ದನಿ ಗೋಡೆಗೆ ಬಡಿದು ನನಗೇ ತಿರುಗಿ ಬಂತು. ಸಾಹುಕಾರರು ಸ್ವಲ್ಪ ಯೋಚಿಸಿ, "ಸರಿ, ಮೊದಲು ಕಾಫಿ ಕುಡೀರಿ, ಆಮೇಲೆ ಶುರು ಮಾಡಿ" ಎಂದರು. ಮೇಡಂ ಕಾಫಿಗೆ ಎಂದೂ ಸಕ್ಕರೆ ಹಾಕಿಸದವರು, ಅಂದು ಹಾಕಿಸಿಕೊಂಡರು. ನಾನು ಬೈದೆ. ನಾನು ಅವರನ್ನು ಬೈದದ್ದೂ ಅದೇ ಮೊದಲು.

ಆಮೇಲೆ ಎಷ್ಟೋ ವರ್ಷ ನಾವು ಹಾಗೇ ದುಡಿದೆವು. ಅವರಿಗೆ ಬಸ್ ಹತ್ತುವುದೂ ಕಷ್ಟವಾದ ಮೇಲೆ ನಾನು ಕೆಲಸಕ್ಕೆ ಒಬ್ಬ ಆಳನ್ನು ಜೊತೆ ಮಾಡಿಕೊಂಡು ಹೋಗಿ ಅಳೆದು ಬರುತ್ತಿದ್ದೆ. ಸಂಜೆ ಅವರ ಮಂಚದ ಪಕ್ಕ ಕೂತು ಅಳತೆಗಳನ್ನು ಓದುತ್ತಿದ್ದೆ. ಅವರು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಗುಣಿಸುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ನಿಮ್ಮ ಅಮ್ಮ ಕಾಲೇಜು ಮುಗಿಸಿದ್ದು, ಅವಳ ಮದುವೆ ನಡೆದದ್ದು ಆ ಲೆಕ್ಕಗಳಿಂದಲೇ. ಈ ಋಣವನ್ನು ನಾನು ಯಾವ ರೀತಿಯಲ್ಲೂ ತೀರಿಸಿಲ್ಲ. ಬರೆದಿಡುತ್ತಿದ್ದೇನೆ, ಅಷ್ಟೆ.

ಅವರು ತೀರಿಹೋಗುವುದಕ್ಕೆ ಕೆಲವೇ ದಿನ ಮೊದಲು, ಆಯನೂರಿನ ಒಬ್ಬ ಮೇಷ್ಟ್ರ ಮನೆಯ ಎಸ್ಟಿಮೇಟ್ ಕೈಯಲ್ಲಿತ್ತು. ನಾನು ಪಾಯದ ಅಳತೆ ಓದಿ ಕಾದೆ.

"ಮೇಡಂ?"

"ಇವತ್ತು ನೀನೇ ಗುಣಿಸು. ನಾನು ಕೇಳ್ತಾ ಇರ್ತೀನಿ."

ನಾನು ಜೋರಾಗಿ ಹೇಳುತ್ತಾ ಗುಣಿಸಿದೆ. ಪಾಯಕ್ಕೆ "ಹ್ಞೂಂ" ಎಂದರು. ಗೋಡೆಗಳಿಗೂ "ಹ್ಞೂಂ" ಎಂದರು. ಅದಾದ ಮೇಲೆ ದನಿಯಿಲ್ಲ. ಗಾಬರಿಯಾಗಿ ಬಗ್ಗಿ ನೋಡಿದರೆ, ನಿದ್ದೆ. ಲೆಕ್ಕ ನಡೆಯುತ್ತಿರುವಾಗ ಅವರು ನಿದ್ದೆ ಹೋದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಹೊದಿಕೆ ಎಳೆದು ಹೊದಿಸಿದೆ. ಆಮೇಲೆ ದನಿ ಸ್ವಲ್ಪ ತಗ್ಗಿಸಿ, ಆ ಮನೆಯ ಲೆಕ್ಕವನ್ನು ತಾರಸಿಯವರೆಗೂ ನಾನೊಬ್ಬಳೇ ಮುಗಿಸಿದೆ.